ಒಲೆ ಆರಿಸಿದರೆ ಆರೋಗ್ಯ ಬರುತ್ತದಾ?

ಪ್ರಶ್ನೆ: ನಮ್ಮನೆಯವರಿಗೆ 56 ವರ್ಷ. ಶುಗರ್ ಇದೆ, ಮಾತ್ರೆ ತಗೊಳ್ತಾರೆ. ಮಹಾರಾಜ ಪಾರ್ಕಿನಲ್ಲಿ ವಾಕಿಂಗ್ ಗೆಳೆಯರು ಹೇಳಿದರು ಅಂತ ಹದಿನೈದು ದಿನದಿಂದ ಬೇಯಿಸಿದ ಯಾವುದನ್ನೂ ಮುಟ್ಟುತ್ತಿಲ್ಲ. ಹಣ್ಣು, ಮೊಳಕೆಕಾಳು, ಹಸಿ ತರಕಾರಿ, ಬೆಳಿಗ್ಗೆ ಒಂದು ಲೋಟ ಸೋರೆಕಾಯಿ ರಸ, ಅಷ್ಟೇ. ಮೂರು ಕೆಜಿ ಇಳಿದಿದ್ದಾರೆ. ಈಗ ನನಗೂ ಶುರು ಮಾಡು ಅಂತಿದ್ದಾರೆ. ಬೆಂಕಿ ತಾಗಿದರೆ ಆಹಾರದ ಸತ್ವ ಸತ್ತುಹೋಗುತ್ತದೆ ಅನ್ನೋದು ನಿಜವಾ?
– ಗೃಹಿಣಿ, ಹಾಸನ

ಉತ್ತರ: ನಿಮ್ಮ ಪ್ರಶ್ನೆಗಿಂತ ಮೊದಲು ಆ ಮಾತ್ರೆಯ ವಿಷಯ. ಗ್ಲಿಮಿಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟವನ್ನು ಏಕಾಏಕಿ ಇಳಿಸಿದರೆ ಸಕ್ಕರೆ ಅಂಶ ತೀರಾ ಕೆಳಗೆ ಹೋಗಬಹುದು. ಕೈ ನಡುಕ, ಬೆವರು, ಎದೆ ಡವಡವ, ಮಾತು ತೊದಲುವುದು, ಇವು ಅದರ ಸುಳಿವು. ಅಂಥ ಹೊತ್ತಿನಲ್ಲಿ ಮೂರು ಚಮಚ ಸಕ್ಕರೆಯನ್ನು ನೀರಿಗೆ ಕದಡಿ ತಕ್ಷಣ ಕುಡಿಸಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇನ್ನೊಂದು ಕಡೆ, ದಿನವಿಡೀ ಬಾಳೆಹಣ್ಣು, ಸಪೋಟ, ಮಾವು ಅಂತ ತಿಂದರೆ ಸಕ್ಕರೆ ಏರುತ್ತದೆ. ಎರಡೂ ಆಗಬಹುದು. ಹಾಗಾಗಿ ಈ ವಾರವೇ ಅವರನ್ನು ನಿಮ್ಮ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಊಟ ಬದಲಾಗಿದೆ ಅಂತ ಬಾಯಿಬಿಟ್ಟು ಹೇಳಿ. ಅವರಾಗಿ ಹೇಳುವುದಿಲ್ಲ, ಗಂಡಸರು ಹೇಳುವುದಿಲ್ಲ.

ತೂಕ ಇಳಿದಿದ್ದರಲ್ಲಿ ಪವಾಡ ಇಲ್ಲ. 100 ಗ್ರಾಂ ಕ್ಯಾರೆಟ್‌ನಲ್ಲಿ ಇರುವುದು ಸುಮಾರು 40 ಕ್ಯಾಲೊರಿ. ದಿನದ 2000 ಕ್ಯಾಲೊರಿಯನ್ನು ಬರೀ ಕ್ಯಾರೆಟ್‌ನಿಂದ ತುಂಬಬೇಕು ಅಂದರೆ 5 ಕೆಜಿ ಅಗಿಯಬೇಕು. ದವಡೆ ಸೋಲುತ್ತದೆ, ಹೊಟ್ಟೆ ತುಂಬಿದ ಹಾಗೆ ಅನ್ನಿಸುತ್ತದೆ, ಒಳಗೆ ಹೋಗಿದ್ದು ಮಾತ್ರ ಕಮ್ಮಿ. ಜೊತೆಗೆ ಸಂಜೆಯ ಬೋಂಡ, ಬೇಕರಿ ಬನ್ನು, ಸಕ್ಕರೆ ಕಾಫಿ ಎಲ್ಲ ಒಟ್ಟಿಗೆ ನಿಂತಿವೆ, ಅಲ್ವಾ? ಮೊದಲ ವಾರಗಳಲ್ಲಿ ಇಳಿಯುವ ತೂಕದಲ್ಲಿ ನೀರೂ ಸೇರಿರುತ್ತದೆ.

ಈಗ ಬೆಂಕಿಯ ಮಾತು. ಅರ್ಧ ನಿಜ. ಸಿ ವಿಟಮಿನ್ ಶಾಖಕ್ಕೆ ಹಾಳಾಗುತ್ತದೆ, ನೀರಿಗೆ ಇಳಿಯುತ್ತದೆ. ಸೊಪ್ಪಿನಲ್ಲಿರುವ ಫೋಲೇಟ್ ಅನ್ನುವ ಬಿ ವಿಟಮಿನ್ ಕೂಡ ಹಾಗೆಯೇ. ಆದ್ದರಿಂದ ಸೀಬೆಹಣ್ಣು, ನೆಲ್ಲಿಕಾಯಿ, ನಿಂಬೆಯನ್ನು ಹಸಿಯಾಗಿ ತಿನ್ನುವುದೇ ಸರಿ. ಆದರೆ ನೀರಿಗೆ ಇಳಿದಿದ್ದು ಎಲ್ಲಿ ಹೋಗುತ್ತದೆ? ನಮ್ಮ ಕಡೆ ಅದು ಚರಂಡಿಗೆ ಹೋಗುವುದಿಲ್ಲ, ಬಸ್ಸಾರಾಗುತ್ತದೆ. ಸೊಪ್ಪು ಕಾಳು ಬೇಯಿಸಿ, ಬಸಿದು, ಸೊಪ್ಪಿಗೆ ಒಗ್ಗರಣೆ ಹಾಕಿ ಪಲ್ಯ ಮಾಡಿ, ಬಸಿದ ಕಟ್ಟಿಗೆ ಖಾರ ಕೂಡಿಸಿ ಮುದ್ದೆ ಜೊತೆ ಉಣ್ಣುವುದು. ವಿಟಮಿನ್ ಅನ್ನುವ ಹೆಸರೇ ಹುಟ್ಟದ ಕಾಲದಲ್ಲಿ ಇದನ್ನು ಕಂಡುಕೊಂಡ ಹೆಂಗಸರಿಗೆ ನಾನಂತೂ ಕೈ ಮುಗಿಯುತ್ತೇನೆ. ಕಟ್ಟನ್ನು ಚೆಲ್ಲಿ ಬರೀ ಸೊಪ್ಪು ತಿನ್ನುವವರಿಗೆ ನಷ್ಟ. ಉಪ್ಸಾರು ಬಸ್ಸಾರಿನ ಮನೆಗೆ ಅಷ್ಟಿಲ್ಲ.

ಇನ್ನರ್ಧ ಉಲ್ಟಾ. ಟೊಮೆಟೊದ ಕೆಂಪು ಅಂಶ ಲೈಕೋಪಿನ್ ಬೆಂದ ಮೇಲೆ ದೇಹಕ್ಕೆ ಜಾಸ್ತಿ ಸಿಗುತ್ತದೆ. ಕ್ಯಾರೆಟ್, ಸಿಹಿಗುಂಬಳ, ನುಗ್ಗೆಸೊಪ್ಪಿನಲ್ಲಿರುವ ಬೀಟಾ ಕ್ಯಾರೋಟಿನ್‌ಗೂ ಸ್ವಲ್ಪ ಬೇಯಿಸಿ ಒಂದು ಚಮಚ ಎಣ್ಣೆಯೋ ತುಪ್ಪವೋ ಸೋಕಬೇಕು. ರಾಗಿ, ಅಕ್ಕಿ, ಆಲೂಗಡ್ಡೆಯ ಪಿಷ್ಟ ಬಿಸಿನೀರಲ್ಲಿ ಉಬ್ಬಿ ಒಡೆದರೆ ಮಾತ್ರ ಸರಿಯಾಗಿ ಜೀರ್ಣವಾಗುತ್ತದೆ. ಇಲ್ಲದಿದ್ದರೆ ದೊಡ್ಡ ಕರುಳಿಗೆ ಹೋಗಿ ಗ್ಯಾಸ್ ಆಗುತ್ತದೆ. ಹಾಸನದವರಿಗೆ ಆಲೂಗಡ್ಡೆ ಬಗ್ಗೆ ಹೇಳಿಕೊಡುವಷ್ಟು ದೊಡ್ಡವನಲ್ಲ ನಾನು. ಹಸಿರು ತಿರುಗಿದ್ದನ್ನು ಮಾತ್ರ ಬೇಯಿಸಿಯೂ ತಿನ್ನಬೇಡಿ.

‘ಹಸಿ ಆಹಾರದಲ್ಲಿ ಜೀವಂತ ಎಂಜೈಮ್ ಇರುತ್ತದೆ, ಅದೇ ಜೀರ್ಣ ಮಾಡುತ್ತದೆ’ ಅಂತಲೂ ಪಾರ್ಕಿನಲ್ಲಿ ಹೇಳಿರುತ್ತಾರೆ. ಎಂಜೈಮ್ ಅಂದರೆ ಪ್ರೋಟೀನು. ಹೆಚ್ಚಿನದು ಹೊಟ್ಟೆಯ ಆಮ್ಲದಲ್ಲೇ ಮುರಿದುಹೋಗುತ್ತದೆ. ಜೀರ್ಣಕ್ಕೆ ಬೇಕಾದ್ದನ್ನು ನಮ್ಮ ದೇಹವೇ ಮಾಡಿಕೊಳ್ಳುತ್ತದೆ.

ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಗಿಡಕ್ಕೂ ತನ್ನನ್ನು ಕಾಪಾಡಿಕೊಳ್ಳಬೇಕು. ಅದಕ್ಕೆ ಕೊಂಬಿಲ್ಲ, ಓಡಲು ಕಾಲಿಲ್ಲ. ವಿಷವೇ ಅದರ ಕೊಂಬು. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಮಳೆಗಾಲದಲ್ಲಿ ಕಳಲೆ ತರುತ್ತಾರಲ್ಲ, ಎಳೆ ಬಿದಿರು, ಅದನ್ನು ಯಾರಾದರೂ ಹಾಗೇ ತಿನ್ನುತ್ತಾರಾ? ಹೆಚ್ಚಿ, ಎರಡು ಮೂರು ದಿನ ನೀರಲ್ಲಿ ಹಾಕಿ, ದಿನಾ ನೀರು ಬದಲಿಸಿ, ಆಮೇಲೆ ಬೇಯಿಸುತ್ತಾರೆ. ಹಸಿ ಕಳಲೆಯಲ್ಲಿ ಸೈನೈಡ್ ಬಿಡುವ ಅಂಶವಿದೆ. ನೀರು ಮತ್ತು ಬೆಂಕಿ ಸೇರಿ ಅದನ್ನು ಕಳೆಯುತ್ತವೆ. ಮರಗೆಣಸಿನದ್ದೂ ಇದೇ ಕತೆ. ಕೆಸುವಿನ ಸೊಪ್ಪಿನಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿವೆ. ಅದಕ್ಕೇ ಪತ್ರೊಡೆಗೆ ಹುಣಸೆಹಣ್ಣು ಹಾಕಿ ಚೆನ್ನಾಗಿ ಹಬೆಯಲ್ಲಿ ಬೇಯಿಸುವುದು. ಚಿಕ್ಕವನಿದ್ದಾಗ ಪಂಥ ಕಟ್ಟಿ ಹಸಿ ಕೆಸುವಿನ ದಂಟು ಕಚ್ಚಿದ್ದೆ. ಅರ್ಧ ದಿನ ಗಂಟಲು ಕೆರೆದು ಮಾತು ಹೊರಡಲಿಲ್ಲ. ಮನೆಯಲ್ಲಿ ಯಾರಿಗೂ ಬೇಜಾರಾಗಲಿಲ್ಲ ಅನ್ನೋದು ಬೇರೆ ವಿಷಯ.

ಮೊಳಕೆಕಾಳಿಗೂ ಇದು ಅನ್ವಯಿಸುತ್ತದೆ. ಹೆಸರುಕಾಳಿನ ಮೊಳಕೆ ಹಗುರ. ರಾಜ್ಮಾ ಹಾಗಲ್ಲ. ಅದರಲ್ಲಿರುವ ಲೆಕ್ಟಿನ್ ಅನ್ನುವ ವಿಷದಂಥ ಪ್ರೋಟೀನಿನಿಂದ ನಾಲ್ಕೈದು ಹಸಿ ಕಾಳಿಗೇ ವಾಂತಿ ಭೇದಿ ಆಗಬಹುದು. ನೆನೆಸಿ, ಆ ನೀರು ಚೆಲ್ಲಿ, ಕನಿಷ್ಠ 10 ನಿಮಿಷ ಕೊತಕೊತ ಕುದಿಸಲೇಬೇಕು. ಅವರೆಕಾಳನ್ನೂ ಬೇಯಿಸಿಯೇ ತಿನ್ನಿ. ಇನ್ನು, ಮೊಳಕೆ ಕಟ್ಟುವ ಒದ್ದೆ ಬೆಚ್ಚಗಿನ ಬಟ್ಟೆ ಕಾಳಿಗೆ ಎಷ್ಟು ಇಷ್ಟವೋ ಬ್ಯಾಕ್ಟೀರಿಯಾಗೂ ಅಷ್ಟೇ ಇಷ್ಟ. ಶುಗರ್ ಇರುವವರು, ಗರ್ಭಿಣಿಯರು, ವಯಸ್ಸಾದವರು ಮೊಳಕೆಯನ್ನು ಚೆನ್ನಾಗಿ ಬೇಯಿಸಿಯೇ ತಿನ್ನುವುದು ಒಳ್ಳೆಯದು.

ಆ ಸೋರೆಕಾಯಿ ರಸದ ಬಗ್ಗೆ ಗಂಭೀರವಾಗಿ ಹೇಳುತ್ತೇನೆ. 2010ರಲ್ಲಿ ದೆಹಲಿಯಲ್ಲಿ ವಿಜ್ಞಾನಿಯೊಬ್ಬರು ಕಹಿ ಸೋರೆಕಾಯಿ ರಸ ಕುಡಿದು ತೀರಿಕೊಂಡರು. ಅವರಿಗೂ ಶುಗರ್ ಇತ್ತು. ಸೋರೆ, ಸೌತೆ, ಹೀರೆಯ ಜಾತಿಯಲ್ಲಿ ಕೆಲವೊಮ್ಮೆ ಕುಕುರ್ಬಿಟಾಸಿನ್ ಅನ್ನುವ ಕಹಿ ವಿಷ ಏರಿರುತ್ತದೆ. ಬೇಯಿಸಿದರೂ ಹೋಗುವುದಿಲ್ಲ. ಆದರೆ ಸಾಂಬಾರು ಕಹಿಯಾದರೆ ಯಾರೂ ಉಣ್ಣುವುದಿಲ್ಲ, ಔಷಧಿ ಅಂದುಕೊಂಡ ರಸವನ್ನು ಮಾತ್ರ ಕಹಿ ಇದ್ದರೂ ಮೂಗು ಮುಚ್ಚಿಕೊಂಡು ಕುಡಿದುಬಿಡುತ್ತಾರೆ. ಅಪಾಯ ಇರುವುದೇ ಅಲ್ಲಿ. ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರೂ ಎಚ್ಚರಿಸಿದರು. ಒಂದು ಚೂರು ಕತ್ತರಿಸಿ ನಾಲಿಗೆಗೆ ತಾಗಿಸಿ, ಕಹಿ ಇದ್ದರೆ ತಿಪ್ಪೆಗೆ ಎಸೆಯಿರಿ.

ತೊಳೆಯುವ ವಿಷಯವೂ ಇದೆ. ಕೊಳಚೆ ನೀರು ಹಾಯಿಸಿದ ಸೊಪ್ಪು, ಎಲೆಕೋಸಿನಲ್ಲಿ ಲಾಡಿಹುಳುವಿನ ಮೊಟ್ಟೆ ಇರಬಹುದು. ಅದು ಒಳಗೆ ಹೋದರೆ ಮರಿ ಮಿದುಳಿನವರೆಗೂ ಹೋಗಿ ಫಿಟ್ಸ್ ಬರಿಸುತ್ತದೆ. ಮಾಂಸ ಮುಟ್ಟದವರಿಗೂ ಬರುತ್ತದೆ. ಹಸಿಯಾಗಿ ತಿನ್ನುವುದನ್ನು ಹರಿಯುವ ನೀರಲ್ಲಿ ಎಲೆ ಎಲೆ ಬಿಡಿಸಿ ತೊಳೆಯಿರಿ. ಸುಮ್ನೆ ಉಪ್ಪುನೀರಲ್ಲಿ ಅದ್ದಿ ತೆಗೆದರೆ ಸಾಲದು.

ಹದಿನೈದು ದಿನದ ಮಾತು ಬಿಡಿ, ವರ್ಷಗಟ್ಟಲೆ ಮಾಡಿದರೆ? ಜರ್ಮನಿಯ ಗೀಸೆನ್‌ನಲ್ಲಿ ದೀರ್ಘಕಾಲ ಹಸಿ ಆಹಾರದಲ್ಲೇ ಇದ್ದವರನ್ನು ನೋಡಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 45 ವರ್ಷದೊಳಗಿನ ಹೆಂಗಸರಲ್ಲಿ ಸುಮಾರು ಶೇ 30 ಮಂದಿಗೆ ಮುಟ್ಟು ಏರುಪೇರಾಗಿತ್ತು ಅಥವಾ ನಿಂತಿತ್ತು. ಬಿ12 ಗಿಡಗಳಿಂದ ಸಿಗುವುದಿಲ್ಲ, ಹಾಲು ಮೊಸರನ್ನೂ ಬಿಟ್ಟವರಿಗೆ ಕೊರತೆ ಖಂಡಿತ. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ನುಂಗುವವರಿಗೆ ಅದು ಮೊದಲೇ ಕಮ್ಮಿಯಾಗುತ್ತಿರುತ್ತದೆ. ಅಡುಗೆ ಬಿಟ್ಟರೆ ಅಯೋಡಿನ್ ಉಪ್ಪೂ ಹೋಯಿತು. ಮಲೆನಾಡಿಗೆ ಇದು ಸಣ್ಣ ವಿಷಯ ಅಲ್ಲ, ಅಯೋಡಿನ್ ಕೊರತೆಯಿಂದ ಬರುವ ಗಳಗಂಡ ಚಿಕ್ಕಮಗಳೂರು ಜಿಲ್ಲೆಯಲ್ಲಿ ಹಿಂದಿನಿಂದ ಕಾಡಿದ ಕಾಯಿಲೆ. ಗಾಂಧೀಜಿಯೂ ಬೇಯಿಸದ ಊಟದ ಪ್ರಯೋಗ ಮಾಡಿದ್ದರು, 1893ರಲ್ಲಿ ಪ್ರಿಟೋರಿಯಾದಲ್ಲಿ ಒಮ್ಮೆ, 1929ರಲ್ಲಿ ಇನ್ನೊಮ್ಮೆ. ಎರಡು ಸಲವೂ ಮೈ ಒಪ್ಪದೆ ಬಿಟ್ಟರು. ಅವರಷ್ಟು ಹಟ ನಿಮ್ಮನೆಯವರಿಗೆ ಇರಲಾರದು.

ಹಾಗಂತ ಹಸಿ ತಿನ್ನುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಸಲಹೆ ಪ್ರಕಾರ ದಿನಕ್ಕೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಬೇಕು. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಅಷ್ಟಾಗುತ್ತದೆ? ಅನ್ನದ ರಾಶಿಯ ಪಕ್ಕದಲ್ಲಿ ಒಂದು ಚಮಚ ಪಲ್ಯ, ಅಲ್ವಾ? ಕೋಸಂಬರಿಯನ್ನು ಮದುವೆ ಮನೆಗೂ ರಾಮನವಮಿಗೂ ಬಿಟ್ಟುಬಿಟ್ಟಿದ್ದೇವೆ. ಅದನ್ನು ದಿನದ ಊಟಕ್ಕೆ ತನ್ನಿ. ನೆನೆದ ಹೆಸರುಬೇಳೆ, ಸೌತೆಕಾಯಿ ಅಥವಾ ಕ್ಯಾರೆಟ್ ತುರಿ, ಕಾಯಿತುರಿ, ನಿಂಬೆರಸ. ಒಂದು ಬಟ್ಟಲು ಅದನ್ನು ಮೊದಲು ತಿಂದು ಆಮೇಲೆ ಮುದ್ದೆಗೆ ಕೈ ಹಾಕಿದರೆ ಊಟದ ನಂತರ ಸಕ್ಕರೆ ಏರುವ ವೇಗವೂ ತಗ್ಗುತ್ತದೆ. ಒಂದೆಲಗದ ತಂಬುಳಿ ಮಾಡಿ. ಮಜ್ಜಿಗೆಗೆ ಈರುಳ್ಳಿ ಹೆಚ್ಚಿ ಹಾಕಿ. ಹಣ್ಣನ್ನು ರಸ ಮಾಡದೆ ಅಗಿದು ತಿನ್ನಲಿ, ಒಂದು ಹೊತ್ತಿಗೆ ಒಂದು. ಕಿಡ್ನಿ ತೊಂದರೆ ಇದ್ದರೆ ಪೊಟ್ಯಾಸಿಯಂ ಲೆಕ್ಕ ಬರುತ್ತದೆ, ಆಗ ತರಕಾರಿ ಬೇಯಿಸಿ ನೀರು ಬಸಿಯಲೇಬೇಕಾಗಬಹುದು. ಅದನ್ನು ಡಾಕ್ಟರೇ ಹೇಳಬೇಕು.

ನೀವು ಸೇರಬೇಕಾ ಅಂತ ಕೇಳಿದಿರಿ. ಬೇಡ. ಅವರನ್ನೇ ನಿಮ್ಮ ಕಡೆಗೆ ಎಳೆದುಕೊಳ್ಳಿ. ಬೆಳಗಿನ ಹಣ್ಣು ಅವರ ಇಷ್ಟಕ್ಕೆ ಬಿಡಿ, ಮಧ್ಯಾಹ್ನ ಒಂದು ಮುದ್ದೆ ಬಸ್ಸಾರು ಮಾಡಿ ಮುಂದಿಡಿ. ಒಗ್ಗರಣೆಯ ಘಮಕ್ಕೆ ಹದಿನೈದು ದಿನ ಉಪವಾಸ ಇದ್ದವರು ಎಷ್ಟು ಹೊತ್ತು ತಡೆಯುತ್ತಾರೆ ನೋಡೋಣ. ಫ್ರಿಜ್‌ನಲ್ಲಿ ಸೋರೆಕಾಯಿ ಉಳಿದಿದ್ದರೆ, ಕಹಿ ಇಲ್ಲ ಅಂತ ನೋಡಿಕೊಂಡು, ಕಡಲೆಬೇಳೆ ಹಾಕಿ ಪಲ್ಯ ಮಾಡಿ.