ಯೂನಿಟ್ ಅಂದರೆ ಎಷ್ಟು? ಕರೆಂಟ್ ಬಿಲ್ಲಿನ ಅಳತೆಯ ಲೆಕ್ಕ

ಹೋದ ಮೇ ತಿಂಗಳ ಕರೆಂಟ್ ಬಿಲ್ಲು ಹಿಡಿದು ಅಪ್ಪಾಜಿ ಸುಮಾರು ಹೊತ್ತು ಮಾತಿಲ್ಲದೆ ಕೂತಿದ್ದರು. 206 ಯೂನಿಟ್. ಗೃಹಜ್ಯೋತಿ ಬಂದ ಮೇಲೆ ನಮ್ಮ ಮನೆಗೆ ಪೂರ್ತಿ ಬಿಲ್ಲು ಬಂದದ್ದು ಅದೇ ಮೊದಲು. ತಿಂಗಳಿಗೆ 200 ದಾಟಿದರೆ ಉಚಿತದ ಪಾಲೂ ಇಲ್ಲ, ಎಲ್ಲಾ ಯೂನಿಟ್ಟಿಗೂ ದುಡ್ಡು ಕಟ್ಟಬೇಕು. "ಆರೇ ಆರು ಯೂನಿಟ್ ಜಾಸ್ತಿ. ಒಂದು ಯೂನಿಟ್ ಅಂದ್ರೆ ಎಷ್ಟಪ್ಪಾ ಅದು?" ಅಂದರು.

1000 ವ್ಯಾಟಿನ ವಸ್ತು ಒಂದು ಗಂಟೆ ಓಡಿದರೆ ಒಂದು ಯೂನಿಟ್. ಇದಕ್ಕೇ ಕಿಲೋವ್ಯಾಟ್-ಗಂಟೆ ಅಂತಲೂ ಹೇಳುತ್ತಾರೆ. ನಲ್ಲಿ ಎಷ್ಟು ಜೋರಾಗಿ ಬರ್ತಿದೆ ಅನ್ನುವುದು ವ್ಯಾಟ್, ಡ್ರಮ್ಮು ಎಷ್ಟು ತುಂಬಿತು ಅನ್ನುವುದು ಯೂನಿಟ್. ಜೋರು ಮತ್ತು ಹೊತ್ತು, ಎರಡೂ ಸೇರಿದರೆ ಬಿಲ್ಲು. ಬಿಲ್ಲಿನಲ್ಲಿ ಮಂಜೂರಾದ ಲೋಡ್ ಅಂತ ಕಿಲೋವ್ಯಾಟಿನಲ್ಲಿ ಇರುತ್ತದಲ್ಲ, ಅದು ಬೇರೆ. ನಿಗದಿತ ಶುಲ್ಕ ಬರುವುದು ಅದರ ಮೇಲೆ. ನಾವು ಬಳಸಿದ್ದು ಎಷ್ಟು ಅಂತ ಹೇಳುವುದು ಈಗಿನ ರೀಡಿಂಗಿನಲ್ಲಿ ಹಿಂದಿನ ರೀಡಿಂಗ್ ಕಳೆದರೆ ಉಳಿಯುವ ಸಂಖ್ಯೆ.

ನಾವು ಚಿಕ್ಕವರಿದ್ದಾಗಿನಿಂದ ಅಪ್ಪಾಜಿಯದು ಒಂದೇ ಮಾತು: "ಲೈಟ್ ಆರ್ಸ್ರೋ, ಸುಮ್ನೆ ಯಾಕೆ ಉರೀಬೇಕು?" ಆ ಕಾಲಕ್ಕೆ ಅದು ಸರಿಯಾದ ಲೆಕ್ಕವೇ. 60 ವ್ಯಾಟಿನ ಹಳದಿ ಬಲ್ಬು 17 ಗಂಟೆಯೊಳಗೆ ಒಂದು ಯೂನಿಟ್ ಮುಗಿಸುತ್ತಿತ್ತು. ಈಗಿನ 9 ವ್ಯಾಟಿನ ಎಲ್‌ಇಡಿ ಬಲ್ಬು ಅಷ್ಟಕ್ಕೆ 111 ಗಂಟೆ ಉರಿಯುತ್ತದೆ. ಅದೇ 2000 ವ್ಯಾಟಿನ ಗೀಸರ್ ಅರ್ಧ ಗಂಟೆಗೆ ಒಂದು ಯೂನಿಟ್ ತೆಗೆದುಕೊಳ್ಳುತ್ತದೆ. ಬಿಸಿ ಮಾಡುವ ವಸ್ತು ಯಾವುದಿದ್ದರೂ ಮೊದಲು ಅದರ ಮೇಲೆ ಕಣ್ಣಿಡಿ. ಒಂದು ಎಚ್‌ಪಿ ಬೋರ್ ಮೋಟರ್ ಗಂಟೆಗೆ ಹೆಚ್ಚು ಕಡಿಮೆ ಒಂದು ಯೂನಿಟ್. ಟ್ಯಾಂಕ್ ತುಂಬಿ ಅರ್ಧ ಗಂಟೆ ಹೊರಗೆ ಹರಿದರೆ ನೀರಿನ ಜೊತೆ ಅರ್ಧ ಯೂನಿಟ್ಟೂ ಹೋಯಿತು.

ಮೇ ತಿಂಗಳಲ್ಲಿ ನಾವು ಗೀಸರ್ ಹಾಕುವುದೇ ಇಲ್ಲ. ದಾವಣಗೆರೆಯ ಬಿಸಿಲಿಗೆ ಟ್ಯಾಂಕಿನ ನೀರೇ ಸುಡುತ್ತಿರುತ್ತದೆ. ಹಾಗಾದರೆ 206 ಎಲ್ಲಿಂದ ಬಂತು? ಅರ್ಧದ ಹತ್ತಿರ ಫ್ಯಾನಿನಿಂದಲೇ. ಹಾಲಿನದು, ಮಲಗುವ ಕೋಣೆಯದು, ಎರಡೂ 75 ವ್ಯಾಟಿನ ಹಳೇ ಫ್ಯಾನು. ಬೇಸಿಗೆಯಲ್ಲಿ ದಿನಕ್ಕೆ 20 ಗಂಟೆ ತಿರುಗುತ್ತವೆ. ಒಂದಕ್ಕೆ ದಿನಕ್ಕೆ ಒಂದೂವರೆ ಯೂನಿಟ್, ತಿಂಗಳಿಗೆ 45. ಎರಡು ಸೇರಿ 90! ಗೋಡೆಯ ಮೇಲಿರುವ ದಪ್ಪ ಡಬ್ಬಿಯ ಹಳೇ ರೆಗ್ಯುಲೇಟರಿನಲ್ಲಿ ಸ್ಪೀಡ್ ಕಮ್ಮಿ ಮಾಡಿದರೂ ಹೆಚ್ಚೇನೂ ಉಳಿಯಲ್ಲ. ಫ್ಯಾನಿಗೆ ಹೋಗದ ಕರೆಂಟಿನಲ್ಲಿ ಬಹಳಷ್ಟು ಅಲ್ಲೇ ಕಾದು ಹೋಗುತ್ತದೆ, ಮುಟ್ಟಿ ನೋಡಿದರೆ ಬೆಚ್ಚಗಿರುತ್ತದೆ.

ಮಂಡಿಪೇಟೆಗೆ ಹೋಗಿ ಕಮ್ಮಿ ಕರೆಂಟ್ ತಿನ್ನುವ ಮೋಟರಿನ ಎರಡು ಬಿಎಲ್‌ಡಿಸಿ ಫ್ಯಾನ್ ತಂದೆವು. 30 ವ್ಯಾಟಿನವು. ಬೆಲೆ ಸ್ವಲ್ಪ ಜಾಸ್ತಿಯೇ, ಅಮ್ಮನಿಗೆ ಮನಸ್ಸಿರಲಿಲ್ಲ. ಆದರೆ ಅಷ್ಟೇ ಹೊತ್ತು ತಿರುಗಿದರೆ ಒಂದಕ್ಕೆ ತಿಂಗಳಿಗೆ 18 ಯೂನಿಟ್. ಎರಡರಿಂದ 54 ಉಳಿಯುತ್ತದೆ. ಗೃಹಜ್ಯೋತಿಯಲ್ಲಿ ನಮ್ಮ ಪಾಲು 132 ಯೂನಿಟ್. 2022-23ರ ನಮ್ಮ ಸರಾಸರಿ ತಿಂಗಳಿಗೆ 120, ಅದರ ಮೇಲೆ ಶೇಕಡಾ 10 ಸೇರಿಸಿ ಕೊಟ್ಟಿದ್ದಾರೆ. 132ರಿಂದ 200ರ ಒಳಗಿದ್ದರೆ ಹೆಚ್ಚಾದದ್ದಕ್ಕೆ ಮಾತ್ರ ಹಣ. ಹೀಗಿರುವಾಗ 54 ಯೂನಿಟ್ ಸಣ್ಣ ಮಾತಲ್ಲ, ಅಲ್ವಾ?

ಯೂನಿಟ್ ಅನ್ನುವುದನ್ನು ಕಣ್ಣಾರೆ ನೋಡಲೂಬಹುದು. ಮೀಟರಿನಲ್ಲಿ ಒಂದು ಸಣ್ಣ ಕೆಂಪು ದೀಪ ಮಿನುಗುತ್ತಿರುತ್ತದೆ. ಪಕ್ಕದಲ್ಲಿ ಒಂದು ಯೂನಿಟ್ಟಿಗೆ ಎಷ್ಟು ಸಲ ಮಿನುಗಬೇಕು ಅಂತ ಬರೆದಿರುತ್ತದೆ. ನಮ್ಮದರಲ್ಲಿ 3200. ಅಪ್ಪಾಜಿಯನ್ನು ಕರೆದುಕೊಂಡು ಹೋಗಿ ಮೀಟರ್ ಮುಂದೆ ನಿಲ್ಲಿಸಿದೆ. ಗೀಸರ್ ಹಾಕಿದರೆ ಸೆಕೆಂಡಿಗೆ ಹೆಚ್ಚು ಕಡಿಮೆ ಎರಡು ಸಲ, ಎಣಿಸುವುದಕ್ಕೇ ಬಿಡಲಿಲ್ಲ. ಅದನ್ನು ಆರಿಸಿ ಇನ್ನೂ ಬಿಚ್ಚದ ಒಂದು ಹಳೇ ಫ್ಯಾನ್ ಮಾತ್ರ ಬಿಟ್ಟಾಗ 13 ಸೆಕೆಂಡಿಗೊಮ್ಮೆ. ಹೊಸ ಫ್ಯಾನಿಗೆ 28 ಸೆಕೆಂಡ್ ಕಾಯಬೇಕಾಯಿತು. ಅವರು ಕೈಗಡಿಯಾರ ಹಿಡಿದು ಎರಡು ಸಲ ಎಣಿಸಿದರು.

ಆಮೇಲೆ ಎಲ್ಲಾ ಆರಿಸಿದೆವು. ಫ್ರಿಜ್ಜಿನ ಪ್ಲಗ್ಗನ್ನೂ ಐದು ನಿಮಿಷ ತೆಗೆದೆವು. ಆದರೂ ಎರಡು ನಿಮಿಷಕ್ಕೊಮ್ಮೆ ದೀಪ ಮಿನುಗಿತು. ಕೋಣೆ ಕೋಣೆ ಹುಡುಕಿದರೆ ಸಿಕ್ಕಿದ್ದು ಸೆಟ್‌ಟಾಪ್ ಬಾಕ್ಸು. ರಿಮೋಟಿನಲ್ಲಿ ಆರಿಸಿದ್ದೆವು, ಗೋಡೆಯ ಸ್ವಿಚ್ಚು ಆನ್ ಇತ್ತು. ಎರಡು ನಿಮಿಷಕ್ಕೊಂದು ಅಂದರೆ ಗಂಟೆಗೆ 30, ಸುಮಾರು 9 ವ್ಯಾಟ್ ಚಿಲ್ಲರೆ. ಟಿವಿ ನೋಡದ 20 ಗಂಟೆಯನ್ನಷ್ಟೇ ಹಿಡಿದರೂ ತಿಂಗಳಿಗೆ ಹತ್ತಿರ ಹತ್ತಿರ ಆರು ಯೂನಿಟ್.

"ಆರು?" ಅಂತ ಇನ್ನೊಮ್ಮೆ ಕೇಳಿದರು ಅಪ್ಪಾಜಿ. ಒಳಗೆ ಹೋಗಿ ಗೋಡೆಯ ಸ್ವಿಚ್ಚು ಆರಿಸಿ ಬಂದರು.