ಮೀಟರ್ ಬರೆದುಕೊಳ್ಳುವ ದಿನಚರಿ

ನಮ್ಮ ಮನೆಯ ವರಾಂಡದಲ್ಲಿರುವ ವಿದ್ಯುತ್ ಮೀಟರಿನಲ್ಲಿ ಒಂದು ಸಣ್ಣ ಕೆಂಪು ದೀಪವಿದೆ. ಒಂದು ಯೂನಿಟ್ ಖರ್ಚಾಗುವಷ್ಟರಲ್ಲಿ ಅದು 3200 ಸಲ ಮಿಣುಕುತ್ತದೆಂದು ಪಕ್ಕದಲ್ಲೇ ಅಚ್ಚು ಹಾಕಿದ್ದಾರೆ. ಒಂದು ದಿನ ನಸುಕಿನಲ್ಲಿ ಗಡಿಯಾರ ಹಿಡಿದು ಅದರ ಮುಂದೆ ಕುಳಿತೆ. ಮನೆಯವರೆಲ್ಲ ಮಲಗಿದ್ದರು, 75 ವ್ಯಾಟಿನ ಫ್ಯಾನ್ ಒಂದೇ ತಿರುಗುತ್ತಿದ್ದಾಗ ದೀಪ ಸುಮಾರು 15 ಸೆಕೆಂಡಿಗೊಮ್ಮೆ ಮಿಣುಕಿತು. ಫ್ರಿಜ್ಜಿನ ಕಂಪ್ರೆಸರ್ ಶುರುವಾದೊಡನೆ ಆ ಅಂತರ ಆರು ಸೆಕೆಂಡಿಗೆ ಇಳಿಯಿತು. ಸ್ವಲ್ಪ ಹೊತ್ತಿನ ಮೇಲೆ ದೀಪ ಸೆಕೆಂಡಿಗೆ ಎರಡರಂತೆ ಬಡಿದುಕೊಳ್ಳತೊಡಗಿತು. ಯಾರೋ ಎದ್ದು ಗೀಸರ್ ಹಾಕಿದ್ದಾರೆಂಬುದು ಒಳಗೆ ಹೋಗಿ ನೋಡದೆಯೇ ನನಗೆ ತಿಳಿಯಿತು.

ಇಷ್ಟು ಕಾಲ ಈ ಮಿಣುಕುಗಳು ಮಿಣುಕಿದಲ್ಲೇ ಮರೆತುಹೋಗುತ್ತಿದ್ದವು. ತಿಂಗಳಿಗೊಮ್ಮೆ ಬರುವ ಮೀಟರ್ ರೀಡರ್ ಬರೆದುಕೊಂಡು ಹೋಗುತ್ತಿದ್ದುದು ಒಟ್ಟು ಯೂನಿಟ್ಟಿನ ಒಂದೇ ಒಂದು ಅಂಕಿಯನ್ನು. ಸ್ಮಾರ್ಟ್ ಮೀಟರ್ ಹಾಗಲ್ಲ. ಅದು ಪ್ರತಿ 15 ಅಥವಾ 30 ನಿಮಿಷದ ಬಳಕೆಯನ್ನು ಬೇರೆಬೇರೆಯಾಗಿ ದಾಖಲಿಸಿ ದೂರದ ಕಂಪ್ಯೂಟರಿಗೆ ಕಳುಹಿಸಬಲ್ಲದು. 15 ನಿಮಿಷದ ಲೆಕ್ಕದಲ್ಲಿ ಒಂದು ತಿಂಗಳಿಗೆ 2,880 ಅಂಕಿಗಳಾಗುತ್ತವೆ, ಮತ್ತು ಅವೆಲ್ಲವೂ ಆ ಮನೆಯ ವಿದ್ಯುತ್ ಸಂಪರ್ಕದ ಗುರುತಾದ ಆರ್.ಆರ್. ನಂಬರಿಗೆ ಅಂಟಿಕೊಂಡಿರುತ್ತವೆ. ದೇಶದಾದ್ಯಂತ ಸುಮಾರು 25 ಕೋಟಿ ಸ್ಮಾರ್ಟ್ ಪ್ರಿಪೇಯ್ಡ್ ಮೀಟರುಗಳನ್ನು ಅಳವಡಿಸುವ ಗುರಿಯನ್ನು ಕೇಂದ್ರ ಸರ್ಕಾರ 2021ರ ಯೋಜನೆಯಲ್ಲಿ ಇರಿಸಿಕೊಂಡಿದೆ. ಮೀಟರಿನ ಬೆಲೆಯ ಬಗ್ಗೆ, ರೀಚಾರ್ಜ್ ಮುಗಿದರೆ ಕರೆಂಟ್ ಹೋಗುವ ಬಗ್ಗೆ ಜನ ಸಾಕಷ್ಟು ಮಾತಾಡಿದ್ದಾರೆ. ಅಂಕಿಗಳ ಬಗ್ಗೆ ಮಾತ್ರ ಮಾತು ಬಹಳ ಕಡಿಮೆ.

ಒಟ್ಟು ಬಳಕೆಯ ಏರಿಳಿತವನ್ನಷ್ಟೇ ನೋಡಿ ಒಳಗೆ ಯಾವ ಯಾವ ಉಪಕರಣ ನಡೆಯುತ್ತಿದೆಯೆಂದು ಬಿಡಿಸಿ ಹೇಳುವ ವಿಧಾನವನ್ನು 1980ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಜಾರ್ಜ್ ಹಾರ್ಟ್ ಎಂಬ ಎಂಜಿನಿಯರ್ ಬೆಳೆಸಿದರು. ಪ್ರತಿಯೊಂದು ಉಪಕರಣಕ್ಕೂ ತನ್ನದೇ ಹೆಜ್ಜೆಗುರುತಿದೆ ಎಂಬುದು ಅದರ ಹಿಂದಿನ ತಿಳಿವಳಿಕೆ. ಗೀಸರ್, ಇಸ್ತ್ರಿಪೆಟ್ಟಿಗೆಗಳು ಒಮ್ಮೆಲೇ ಮೇಲೇರಿ ಸಮನಾಗಿ ನಿಲ್ಲುತ್ತವೆ. ನೀರೆತ್ತುವ ಪಂಪು ಶುರುವಾಗುವ ಕ್ಷಣದಲ್ಲಿ ಹೆಚ್ಚು ಕರೆಂಟ್ ಎಳೆದು ಆಮೇಲೆ ತಗ್ಗುತ್ತದೆ. ಫ್ರಿಜ್ಜು ಹಗಲಿರುಳೂ ಒಂದೇ ತಾಳದಲ್ಲಿ ಏರಿಳಿಯುತ್ತಿರುತ್ತದೆ. ಈ ವಿಧಾನವನ್ನು ಜನರ ಮೇಲೆ ಕಣ್ಣಿಡಲು ಬಳಸಬಹುದೆಂದು 1989ರಲ್ಲೇ ಲೇಖನ ಬರೆದು ಎಚ್ಚರಿಸಿದವರೂ ಹಾರ್ಟ್ ಅವರೇ. 2011ರಲ್ಲಿ ಜರ್ಮನಿಯ ಮ್ಯೂನ್‌ಸ್ಟರ್‌ನ ಸಂಶೋಧಕರು ಎರಡು ಸೆಕೆಂಡಿಗೊಮ್ಮೆ ಅಳೆಯುವ ಮನೆಮೀಟರಿನ ಅಂಕಿಗಳಿಂದ ಟಿ.ವಿ.ಯಲ್ಲಿ ಯಾವ ಚಲನಚಿತ್ರ ಓಡುತ್ತಿದೆ ಎಂಬುದನ್ನೂ ಗುರುತಿಸಬಹುದೆಂದು ತೋರಿಸಿದರು. ಪರದೆ ಬೆಳಗಿದಾಗ ಹೆಚ್ಚು, ಕತ್ತಲಾದಾಗ ಕಡಿಮೆ ವಿದ್ಯುತ್ ಖರ್ಚಾಗುವುದೇ ಅವರಿಗೆ ಸಿಕ್ಕ ಸುಳಿವಾಗಿತ್ತು.

ನಮ್ಮ ಮೀಟರುಗಳು ಕಳುಹಿಸುವ 15 ನಿಮಿಷದ ಲೆಕ್ಕದಲ್ಲಿ ಸಿನಿಮಾದ ಹೆಸರು ಸಿಗಲಾರದು, ನಿಜ. ಆದರೆ ಎರಡು ಕಿಲೋವ್ಯಾಟಿನ ಗೀಸರ್ ಆ ಅವಧಿಯಲ್ಲಿ ಅರ್ಧ ಯೂನಿಟ್ ನುಂಗುತ್ತದೆ. ಅಷ್ಟು ದೊಡ್ಡ ಏರಿಕೆಯನ್ನು ಗುರುತಿಸಲು ಯಾವ ಜಾಣ್ಮೆಯೂ ಬೇಡ. ಮನೆಯವರು ಎಷ್ಟು ಹೊತ್ತಿಗೆ ಏಳುತ್ತಾರೆ, ಹಗಲಿನಲ್ಲಿ ಯಾರಾದರೂ ಇರುತ್ತಾರೆಯೇ, ಊರಿಗೆ ಹೋಗಿ ಎಷ್ಟು ದಿನವಾಯಿತು ಎಂಬುದು ಆ ಅಂಕಿಗಳಲ್ಲಿ ಎದ್ದು ಕಾಣುತ್ತದೆ. ಒಂದು ತಿಂಗಳ ಕಾಲ ಸೂರ್ಯೋದಯಕ್ಕೆ ಬಹಳ ಮೊದಲೇ ಅಡುಗೆಮನೆ ಎಚ್ಚರವಾಗುತ್ತಿದ್ದರೆ, ಆ ತಿಂಗಳು ಯಾವುದೆಂಬುದರ ಮೇಲೆ ಅದು ರಂಜಾನ್ ಉಪವಾಸವೋ ಧನುರ್ಮಾಸದ ಪೂಜೆಯೋ ಎಂದೂ ಊಹಿಸಬಹುದು. ಒಂಟಿಯಾಗಿ ಬದುಕುವ ವೃದ್ಧರು ರಾತ್ರಿ ಎಷ್ಟು ಸಲ ಏಳುತ್ತಾರೆಂಬುದು ಅವರ ಮಕ್ಕಳಿಗೇ ತಿಳಿದಿರುವುದಿಲ್ಲ. ಅಳತೆ ಇನ್ನಷ್ಟು ಸೂಕ್ಷ್ಮವಾದರೆ ಅದು ಮೀಟರಿಗೆ ತಿಳಿದಿರುತ್ತದೆ. ನನ್ನನ್ನು ಹೆಚ್ಚು ಕಾಡುವುದು ಇದೇ: ಬಾಯಿಬಿಟ್ಟು ಯಾರೂ ಕೇಳದ, ಕೇಳಿದರೆ ನಾವು ಹೇಳಲಾರದ ಸಂಗತಿಗಳು ಬಿಲ್ಲಿನ ನೆಪದಲ್ಲಿ ಮನೆಯಿಂದ ಹೊರಗೆ ಹೋಗುತ್ತವೆ.

ಇದನ್ನು ಬೇರೆ ದೇಶಗಳು ಗಂಭೀರವಾಗಿ ತೆಗೆದುಕೊಂಡಿವೆ. ಸ್ಮಾರ್ಟ್ ಮೀಟರನ್ನು ಕಡ್ಡಾಯ ಮಾಡುವ ಮಸೂದೆಯನ್ನು 2009ರಲ್ಲಿ ನೆದರ್ಲೆಂಡ್ಸ್‌ನ ಮೇಲ್ಮನೆ ಖಾಸಗಿತನದ ಕಾರಣಕ್ಕೆ ತಡೆಹಿಡಿಯಿತು. ಕೊನೆಗೆ ಬಂದ ಕಾನೂನು, ಮೀಟರ್ ಬೇಡವೆನ್ನುವ ಹಕ್ಕನ್ನು ಮನೆಯವರಿಗೆ ಬಿಟ್ಟುಕೊಟ್ಟಿತು. ಅಮೆರಿಕದ ಇಲಿನಾಯ್ ರಾಜ್ಯದ ನೇಪರ್‌ವಿಲ್ ನಗರದ ಮೊಕದ್ದಮೆಯಲ್ಲಿ 2018ರಲ್ಲಿ ಮೇಲ್ಮನವಿ ನ್ಯಾಯಾಲಯವೊಂದು, 15 ನಿಮಿಷಕ್ಕೊಮ್ಮೆ ಅಂಕಿ ಸಂಗ್ರಹಿಸುವುದು ಮನೆಯನ್ನು ಶೋಧಿಸಿದಂತೆಯೇ ಸರಿ ಎಂದು ಹೇಳಿತು. ವಿದ್ಯುತ್ ಜಾಲದ ಸುಧಾರಣೆಯ ಉದ್ದೇಶಕ್ಕಾಗಿ ಅದನ್ನು ಸಮ್ಮತವೆಂದು ಒಪ್ಪಿದರೂ, ಅಂತರ ಇನ್ನೂ ಕಿರಿದಾದರೆ ಅಥವಾ ಮಾಹಿತಿ ಪೊಲೀಸರ ಕೈಗೆ ಸುಲಭವಾಗಿ ಸಿಗುವಂತಾದರೆ ತೀರ್ಮಾನ ಬೇರೆಯಾಗಬಹುದೆಂದು ಸೂಚಿಸಿತು.

ನಮ್ಮಲ್ಲಿ ಇದಕ್ಕೆ ಬೇಕಾದ ತಳಹದಿ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಮ್ಮತದಿಂದ ಎತ್ತಿಹಿಡಿಯಿತು. ಆ ಹಕ್ಕಿನಲ್ಲಿ ಸರ್ಕಾರ ಕೈಹಾಕಬೇಕಾದರೆ ಕಾನೂನಿನ ಆಧಾರ ಇರಬೇಕು, ಉದ್ದೇಶ ನ್ಯಾಯವಾಗಿರಬೇಕು, ಮತ್ತು ಉದ್ದೇಶಕ್ಕೆ ಬೇಕಾದುದಕ್ಕಿಂತ ಹೆಚ್ಚು ಕೈಹಾಕಬಾರದು. ಸ್ಮಾರ್ಟ್ ಮೀಟರನ್ನು ಒರೆಗೆ ಹಚ್ಚಬೇಕಾದುದು ಈ ಮೂರನೆಯ ಮಾತಿಗೆ.

ಕರೆಂಟ್ ಕಳವು ತಡೆಯಬೇಕು, ನಷ್ಟ ತಗ್ಗಬೇಕು ಎಂಬ ಎಸ್ಕಾಂಗಳ, ಅಂದರೆ ವಿದ್ಯುತ್ ಸರಬರಾಜು ಕಂಪನಿಗಳ, ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆ ನಷ್ಟವನ್ನು ತುಂಬುವವರು ಕೊನೆಗೆ ನಾವೇ. ಆದರೆ ಒಂದು ಬೀದಿಯ ಹೊರೆ ತಿಳಿಯಲು ಅಲ್ಲಿನ ಟ್ರಾನ್ಸ್‌ಫಾರ್ಮರಿಗೆ (ಟಿ.ಸಿ.ಗೆ) ಹಾಕಿದ ಮೀಟರ್ ಸಾಕು. ಅಲ್ಲಿ ಐವತ್ತು ಮನೆಗಳ ಬಳಕೆ ಬೆರೆತುಹೋಗಿ ಯಾರ ಗೀಸರ್ ಯಾವುದೆಂದು ತಿಳಿಯುವುದಿಲ್ಲ. ಹಗಲಿಗೊಂದು, ಸಂಜೆಯ ಒತ್ತಡದ ಹೊತ್ತಿಗೊಂದು, ರಾತ್ರಿಗೊಂದು ದರ ವಿಧಿಸುವುದಾದರೂ ಮೀಟರ್ ತನ್ನೊಳಗೇ ಕೂಡಿ, ತಿಂಗಳ ಕೊನೆಗೆ ಮೂರು ಮೊತ್ತಗಳನ್ನು ಕಳುಹಿಸಿದರೆ ಬಿಲ್ಲು ಪೈಸೆ ತಪ್ಪದೆ ತಯಾರಾಗುತ್ತದೆ. 2,880ರ ಜಾಗದಲ್ಲಿ ಮೂರು ಅಂಕಿಗಳು. ಉಳಿದವು ಮೀಟರಿನಲ್ಲೇ ಇದ್ದು, ಮನೆಯವರು ಕೇಳಿದಾಗ ಅವರಿಗೆ ಮಾತ್ರ ಕಾಣುವಂತೆ ಮಾಡುವುದು ತಂತ್ರಜ್ಞಾನಕ್ಕೆ ಕಷ್ಟದ ಕೆಲಸವಲ್ಲ. ಹೊಸ ಮೀಟರ್ ಹಾಕಲು ಬಂದವರನ್ನು ಬೆಲೆ ಎಷ್ಟೆಂದು ಕೇಳುವಾಗಲೇ, ಇದು ಎಷ್ಟು ನಿಮಿಷಕ್ಕೊಮ್ಮೆ ಬರೆದುಕೊಳ್ಳುತ್ತದೆ, ಆ ಬರಹ ಯಾರ ಬಳಿ ಎಷ್ಟು ವರ್ಷ ಇರುತ್ತದೆ ಎಂದೂ ಕೇಳಬೇಕು, ಮತ್ತು ಉತ್ತರವನ್ನು ಬರಹದಲ್ಲಿ ಪಡೆಯಬೇಕು.