ಪುಡೋವ್ಕಿನ್‌ನ ‘ತಾಯಿ’: ಅರ್ಧ ಮುಖ, ಒಂದು ಹಳ್ಳ, ನಗುವ ಮಗು

‘ತಾಯಿ’ 1926ರ ಸೋವಿಯತ್ ಮೂಕಿ ಚಿತ್ರ. ಗೋರ್ಕಿಯ ಕಾದಂಬರಿ ಆಧಾರ, ನತಾನ್ ಜಾರ್ಖಿಯ ಚಿತ್ರಕಥೆ, ವ್ಸೆವೊಲೊದ್ ಪುಡೋವ್ಕಿನ್‌ನ ನಿರ್ದೇಶನ. ಕಾಲ 1905ರ ಕ್ರಾಂತಿಯದ್ದು. ಮಗ ಪಾವೆಲ್ ನೆಲದ ಹಲಗೆಯಡಿ ಆಯುಧ ಬಚ್ಚಿಟ್ಟಿರುತ್ತಾನೆ. ತೋರಿಸಿದರೆ ಪೊಲೀಸರು ಮಗನನ್ನು ಬಿಡುತ್ತಾರೆಂದು ನಂಬಿ ತಾಯಿಯೇ ಅದನ್ನು ಕೊಟ್ಟುಬಿಡುತ್ತಾಳೆ. ಮಗ ಜೈಲು ಸೇರುತ್ತಾನೆ. ಕಥೆ ಸದ್ಯಕ್ಕೆ ಇಷ್ಟು ಸಾಕು.

ಪಾವೆಲ್ ಜೈಲಿನಲ್ಲಿರುವ ದೃಶ್ಯವನ್ನು ಎರಡು ಸಲವಾದರೂ ನೋಡಿ. ನಾಳೆ ನಿನ್ನನ್ನು ಬಿಡಿಸುತ್ತೇವೆ ಎಂಬ ಚೀಟಿ ಅವನ ಕೈಗೆ ಸಿಗುತ್ತದೆ. ಬೇರೆಯವರಾಗಿದ್ದರೆ ಅರಳಿದ ಮುಖದ ಒಂದು ಕ್ಲೋಸ್‌ಅಪ್ ಹಾಕಿ ಮುಗಿಸುತ್ತಿದ್ದರು. ಪುಡೋವ್ಕಿನ್‌ಗೆ ಅದು ಸಪ್ಪೆ ಅನ್ನಿಸಿತು. ಅವನು ತೋರಿಸುವುದು ಚಡಪಡಿಸುವ ಕೈಗಳನ್ನು, ಮುಖದ ಕೆಳಗಿನ ಅರ್ಧವನ್ನು, ತುಟಿಯಂಚಿನ ನಗುವನ್ನು. ನಡುವೆ ವಸಂತದಲ್ಲಿ ತುಂಬಿ ಹರಿಯುವ ಹಳ್ಳ, ನೀರಿನ ಮೇಲೆ ಒಡೆದು ಹೊಳೆಯುವ ಬಿಸಿಲು, ಕೊಳದಲ್ಲಿ ರೆಕ್ಕೆ ಬಡಿಯುವ ಹಕ್ಕಿಗಳು, ಕೊನೆಗೆ ನಗುವ ಮಗು. ಇವೆಲ್ಲ ಜೈಲಿನೊಳಗೆ ಎಲ್ಲಿಂದ ಬರಬೇಕು? ಆದರೂ ಖುಷಿ ನಮಗೆ ತಟ್ಟುತ್ತದೆ. ಪಾವೆಲ್ ಆಗಿರುವ ನಿಕೊಲಾಯ್ ಬತಾಲೊವ್ ಮಾಸ್ಕೋ ಆರ್ಟ್ ಥಿಯೇಟರ್‌ನ ನಟ, ಅಭಿನಯ ಬಾರದವನಲ್ಲ. ಅಂಥವನ ಅರ್ಧ ಮುಖ ಬಿಟ್ಟು ಹಳ್ಳ ತೋರಿಸಲು ಧೈರ್ಯ ಬೇಕು, ಅಲ್ವಾ?

ದುಃಖಕ್ಕೂ ಇದೇ ಉಪಾಯ. ಸತ್ತ ಗಂಡನ ಪಕ್ಕ ತಾಯಿ ಅಲ್ಲಾಡದೆ ಕೂತಿದ್ದಾಳೆ. ಅಳು ಇಲ್ಲ. ನೀರು ತೊಟ್ಟಿಕ್ಕುವ ಶಾಟ್ ಬರುತ್ತದೆ. ಸದ್ದೇ ಇಲ್ಲದ ಚಿತ್ರದಲ್ಲಿ ಆ ಹನಿಯ ಸದ್ದು ಕೇಳಿದಂತಾಗುತ್ತದೆ!

ಸಿನಿಮಾ ಪಾಠದ ಪರೀಕ್ಷೆಯಲ್ಲಿ ಪುಡೋವ್ಕಿನ್‌ನನ್ನು ಅದೇ ಕಾಲದ ಸೋವಿಯತ್ ನಿರ್ದೇಶಕ ಐಸೆನ್‌ಸ್ಟೈನ್ ಜೊತೆ ಹೋಲಿಸಿ ಅಂತ ಕೇಳುವುದುಂಟು. ಐಸೆನ್‌ಸ್ಟೈನ್‌ಗೆ ಎರಡು ಶಾಟ್‌ಗಳು ಡಿಕ್ಕಿ ಹೊಡೆಯಬೇಕು. ಶಾಟ್ ಜೋಡಿಸುವ ಕಲೆಯ ಗುರು ಕುಲೆಶೊವ್‌ನ ಶಿಷ್ಯ ಪುಡೋವ್ಕಿನ್‌ಗೆ ಅವು ಇಟ್ಟಿಗೆ ಮೇಲೆ ಇಟ್ಟಿಗೆಯಂತೆ ಕೂರಬೇಕು. ಒಬ್ಬನಿಗೆ ಜನಸಮೂಹವೇ ನಾಯಕ. ಇನ್ನೊಬ್ಬ ಒಬ್ಬಳು ತಾಯಿಯನ್ನು ಹಿಡಿದು ಕ್ರಾಂತಿಗೆ ಹೋಗುತ್ತಾನೆ. ಸುಮ್ನೆ ಉರು ಹೊಡೆಯಬೇಡಿ, ಮೇಲಿನ ಜೈಲು ದೃಶ್ಯವನ್ನೇ ಉದಾಹರಣೆ ಕೊಡಿ.

ಕ್ಯಾಮೆರಾ ಎತ್ತರವನ್ನೂ ಗಮನಿಸಿ. ಮೊದಮೊದಲು ತಾಯಿಯನ್ನು ಮೇಲಿನಿಂದ ನೋಡುತ್ತೇವೆ, ಕುಗ್ಗಿದಂತೆ ಕಾಣುತ್ತಾಳೆ. ಕೊನೆಯಲ್ಲಿ ಬಾವುಟ ಹಿಡಿದಾಗ ಕ್ಯಾಮೆರಾ ಕೆಳಗಿಳಿದಿರುತ್ತದೆ.

ನದಿಯ ಮಂಜುಗಡ್ಡೆ ಒಡೆದು ಹರಿಯುವುದನ್ನು ಮೆರವಣಿಗೆಯ ಜೊತೆ ಹೆಣೆದದ್ದು ಸ್ವಲ್ಪ ಜಾಸ್ತಿಯಾಯಿತು ಅನ್ನುವವರಿದ್ದಾರೆ. ನನಗೆ ಹಾಗನ್ನಿಸಲಿಲ್ಲ. ಆ ಗಡ್ಡೆಗಳು ಬರೀ ಸಂಕೇತವಲ್ಲ. ಜೈಲಿನಿಂದ ತಪ್ಪಿಸಿಕೊಂಡ ಪಾವೆಲ್ ಅವುಗಳ ಮೇಲೆ ಹಾರಿಕೊಂಡೇ ನದಿ ದಾಟಬೇಕು.